2012ರ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಬಹುದೇ? ಹಳೆಯ ತಂತ್ರಾಂಶಗಳು ಹಾಗೆಯೇ ಉಳಿಯಬೇಕು

ಸುಲ್ತಾನ್‌ಪೇಟೆ ಅಕ್ಷರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ವೈಕುಂಠ ಸಮಾರಾಧನೆಯ ಕಾರ್ಡು ಮುಂತಾದವುಗಳ ಡಿಟಿಪಿ ಕೆಲಸ ಮಾಡಿಕೊಡುವ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿದ್ದೇನೆ. 2012ರಲ್ಲಿ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸಿದ ಒಂದೇ ಡೆಸ್ಕ್‌ಟಾಪ್‌ನಲ್ಲಿ ಈವರೆಗಿನ ಕೆಲಸವೆಲ್ಲ ನಡೆದಿದೆ. ಅದರಲ್ಲಿ ಇಂಟೆಲ್ ಕೋರ್ ಐ3-2120 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್ ಮತ್ತು 32 ಬಿಟ್‌ನ ವಿಂಡೋಸ್ 7 ಇವೆ. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ ಮತ್ತು ಚಿತ್ರ ಬಿಡಿಸುವ ಕೋರೆಲ್‌ಡ್ರಾ ಬಿಟ್ಟರೆ ನನಗೆ ಬೇರೆ ತಂತ್ರಾಂಶ ಬೇಕಿಲ್ಲ. ಈ ಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕವನ್ನೂ ಕೊಟ್ಟಿಲ್ಲ. ಗಿರಾಕಿಗಳು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಬರಹವನ್ನು ಫೋನಿನಲ್ಲಿ ನೋಡಿಕೊಂಡು ನಾನೇ ಟೈಪ್ ಮಾಡುತ್ತೇನೆ.

ಈಚೆಗೆ ಯಂತ್ರ ತೀರಾ ನಿಧಾನವಾಗಿದೆ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ, ಸ್ವಿಚ್ ಹಾಕಿ, ಕಸ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬಂದು ಕುಳಿತರೂ ಡಬ್ಬದ ಮುಂಭಾಗದ ಕೆಂಪು ದೀಪ ಒಂದೇ ಸಮನೆ ಉರಿಯುತ್ತಿರುತ್ತದೆ. ಗಡಿಯಾರ ನೋಡಿ ಲೆಕ್ಕ ಹಾಕಿದಾಗ, ಸ್ವಿಚ್ ಒತ್ತಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ಆರು ನಿಮಿಷ, ಪೇಜ್‌ಮೇಕರ್ ತೆರೆದುಕೊಳ್ಳಲು ಮತ್ತೊಂದೂವರೆ ನಿಮಿಷ ಹಿಡಿಯಿತು. ಹುಡುಗಿಯ ತಂದೆ ಕುರ್ಚಿಯ ಹಿಂದೆ ನಿಂತು, ಬೀಗರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ, ತಿದ್ದಿಬಿಡಿ ಎಂದಾಗ, ಫಾಂಟಿನ ಪಟ್ಟಿ ಬಿಚ್ಚಿಕೊಳ್ಳುವವರೆಗೆ ಇಬ್ಬರೂ ಮೌನವಾಗಿ ತೆರೆಯನ್ನೇ ನೋಡುತ್ತಿರಬೇಕಾಗುತ್ತದೆ.

ಹಾರ್ಡ್ ಡಿಸ್ಕ್ ಬದಲು, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳಿದರು. ಆದರೆ ನಮ್ಮ ಬೀದಿಯಲ್ಲಿ ರಿಪೇರಿ ಮಾಡುವವರೊಬ್ಬರು, ಈ ಮದರ್‌ಬೋರ್ಡ್‌ನ ಪೋರ್ಟುಗಳು ಹಳೆಯ ಕಾಲದವು, ಎಸ್‌ಎಸ್‌ಡಿ ಹಾಕಿದರೂ ಅದರ ವೇಗ ಸಿಗುವುದಿಲ್ಲ, ಮೇಲಾಗಿ ಎರಡು ವರ್ಷದಲ್ಲಿ ಸುಟ್ಟುಹೋಗುತ್ತದೆ, ಹೊಸ ಕಂಪ್ಯೂಟರನ್ನೇ ಕೊಳ್ಳಿ ಎನ್ನುತ್ತಾರೆ. ಪೇಜ್‌ಮೇಕರ್ ಸಿಡಿಯಲ್ಲಿ ಗೀರು ಬಿದ್ದು ಅದು ಈಗ ಓದುವುದಿಲ್ಲವಾದ್ದರಿಂದ, ವಿಂಡೋಸನ್ನು ಹೊಸದಾಗಿ ಹಾಕಿಸಿದರೆ ಆ ತಂತ್ರಾಂಶ ಮತ್ತೆ ಸಿಗುವುದಿಲ್ಲ. ಹಾಗಾಗಿ ಈಗಿರುವುದೆಲ್ಲ ಇದ್ದಂತೆಯೇ ಎಸ್‌ಎಸ್‌ಡಿಗೆ ಬರಲು ಸಾಧ್ಯವೇ, ಮೊದಲು ರ‍್ಯಾಮ್ ಹೆಚ್ಚಿಸುವುದು ಮೇಲೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಅಂಗಡಿಯಲ್ಲಿ ಬಿಡುವಿದೆ. ಶ್ರಾವಣ ಹುಟ್ಟುವುದರೊಳಗೆ ಈ ಕೆಲಸ ಮುಗಿಸಬೇಕೆಂದಿದ್ದೇನೆ.

ತಿರುಪುಳಿ

ನಮಸ್ಕಾರ ಸರ್. ನೀವು ಕೊಟ್ಟ ವಿವರಗಳನ್ನು ನೋಡಿದರೆ ಧೈರ್ಯವಾಗಿ ಎಸ್‌ಎಸ್‌ಡಿ ಹಾಕಿಸಬಹುದು. ಪೋರ್ಟು ಹಳೆಯದು ಎಂಬ ಮಾತು ನಿಜವೇ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ. ಎಚ್61 ಚಿಪ್‌ಸೆಟ್ ಕೊಡುವ, ಡಿಸ್ಕ್ ಜೋಡಿಸುವ ನಾಲ್ಕೂ ಸಾಟಾ ಪೋರ್ಟುಗಳು ಎರಡನೆಯ ಪೀಳಿಗೆಯವು, ಅಂದರೆ ಸೆಕೆಂಡಿಗೆ 3 ಗಿಗಾಬಿಟ್ ಸಾಗಿಸುವಂಥವು. ಸಾಟಾದಲ್ಲಿ ಒಂದು ಬೈಟ್ ಮಾಹಿತಿ ಕಳುಹಿಸಲು ಹತ್ತು ಬಿಟ್ ಖರ್ಚಾಗುವುದರಿಂದ ಗರಿಷ್ಠ ಮಿತಿ ಸೆಕೆಂಡಿಗೆ 300 ಎಂಬಿ ಆಗುತ್ತದೆ, ಕೈಗೆ ಸಿಗುವುದು 270, 280 ಎಂಬಿ. ಮೂರನೆಯ ಪೀಳಿಗೆಯ ಪೋರ್ಟಿನಲ್ಲಿ 550 ಎಂಬಿಯಷ್ಟು ಓಡುವ ಎಸ್‌ಎಸ್‌ಡಿ ನಿಮ್ಮಲ್ಲಿ ಅದರ ಅರ್ಧಕ್ಕೆ ನಿಲ್ಲುತ್ತದೆ ಎಂಬಷ್ಟರ ಮಟ್ಟಿಗೆ ಅವರ ಮಾತು ಸತ್ಯ.

ಆದರೆ ನಿಮ್ಮ ಯಂತ್ರ ನಿಧಾನವಾಗಿರುವುದು ಆ ಮಿತಿಯಿಂದಲ್ಲ. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ನಾಲ್ಕು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು. ಅದಕ್ಕೂ ಮೊದಲು ಆ ತಲೆ ಒಂದು ಜಾಡಿನಿಂದ ಇನ್ನೊಂದು ಜಾಡಿಗೆ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡ್ ಹಿಡಿಯುತ್ತದೆ. ಎರಡನ್ನೂ ಕೂಡಿದರೆ, ಚದುರಿ ಬಿದ್ದಿರುವ ಸಣ್ಣ ಕಡತಗಳನ್ನು ಓದುವಾಗ ಈ ಡಿಸ್ಕ್ ಒಂದು ಸೆಕೆಂಡಿನಲ್ಲಿ ಎಂಬತ್ತು ಸಲಕ್ಕಿಂತ ಹೆಚ್ಚು ಓದಲಾರದು. ಪ್ರತಿ ಸಲ 4 ಕೆಬಿ ಓದಿತು ಎಂದುಕೊಂಡರೆ ಸೆಕೆಂಡಿಗೆ ಸುಮಾರು 320 ಕೆಬಿ ಮಾತ್ರ ಬರುತ್ತದೆ. ವಿಂಡೋಸ್ ಏಳುವಾಗ, ಪೇಜ್‌ಮೇಕರ್ ನೂರಾರು ಫಾಂಟುಗಳನ್ನು ಒಂದೊಂದಾಗಿ ನೋಡುವಾಗ ನಡೆಯುವುದು ಇಂಥ ಓದುವಿಕೆಯೇ. ನಿಮ್ಮ ಕೆಂಪು ದೀಪ ಆರದೆ ಉರಿಯುವುದಕ್ಕೆ ಇದೇ ಕಾರಣ. ಅಷ್ಟು ಹೊತ್ತೂ 3.3 ಗಿಗಾಹರ್ಟ್ಸ್ ಪ್ರೊಸೆಸರ್ ಬಹುಮಟ್ಟಿಗೆ ಸುಮ್ಮನೆ ಕಾಯುತ್ತಿರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ಓದಿಗೆ ಮಿಲಿಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗ ಸಾಕು. ಅದೇ ಸಣ್ಣ ಕಡತಗಳನ್ನು ಒಂದರ ಹಿಂದೊಂದರಂತೆ ಓದಿದರೂ ಸೆಕೆಂಡಿಗೆ 20, 30 ಎಂಬಿ ಬರುತ್ತದೆ. 320 ಕೆಬಿಯಿಂದ 20 ಎಂಬಿಗೆ ಏರುವುದೇ ನಿಮಗೆ ಕಣ್ಣಿಗೆ ಕಾಣುವ ವ್ಯತ್ಯಾಸ, ಮತ್ತು ಈ 20 ಎಂಬಿ ನಿಮ್ಮ ಪೋರ್ಟಿನ 300 ಎಂಬಿ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಸುಟ್ಟುಹೋಗುವ ವಿಚಾರಕ್ಕೆ ಬರುತ್ತೇನೆ. ಎಸ್‌ಎಸ್‌ಡಿಯ ಕೋಶಗಳು ಬರೆದಷ್ಟೂ ಸವೆಯುತ್ತವೆ ಎಂಬುದು ನಿಜ, ಆ ಕಾರಣಕ್ಕಾಗಿಯೇ ತಯಾರಕರು ಎಷ್ಟು ಬರೆಯಬಹುದು ಎಂಬ ಅಂಕಿಯನ್ನು ವಾರಂಟಿಯ ಜೊತೆಗೇ ಮುದ್ರಿಸುತ್ತಾರೆ. ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೊ 500 ಜಿಬಿಗೆ ಐದು ವರ್ಷ ಅಥವಾ 300 ಟೆರಾಬೈಟ್ ಬರಹ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇದೆ. ನೀವು ದಿನಕ್ಕೆ 20 ಜಿಬಿ ಬರೆದರೂ, ಕಾರ್ಡಿನ ಕೆಲಸಕ್ಕೆ ಅಷ್ಟು ಬರೆಯುವುದು ಕಷ್ಟವೇ, 300 ಟೆರಾಬೈಟ್ ಮುಗಿಯಲು 15,000 ದಿನ ಬೇಕು. ಆದರೆ ಎಸ್‌ಎಸ್‌ಡಿ ಕೆಡುವಾಗ ಹಾರ್ಡ್ ಡಿಸ್ಕ್‌ನಂತೆ ಕಿರ್ ಕಿರ್ ಶಬ್ದ ಮಾಡಿ ಮುನ್ಸೂಚನೆ ಕೊಡದೆ ಒಮ್ಮೆಲೇ ನಿಲ್ಲಬಹುದು, ಆದ್ದರಿಂದ ಬ್ಯಾಕಪ್ ಎಂಬುದು ಇಲ್ಲಿ ಹಾರ್ಡ್ ಡಿಸ್ಕ್‌ಗಿಂತಲೂ ಹೆಚ್ಚು ಅಗತ್ಯ.

ರ‍್ಯಾಮ್‌ಗೆ ಈಗ ಹಣ ಹಾಕಬೇಡಿ. 32 ಬಿಟ್‌ನ ವಿಂಡೋಸ್ 7 ಒಟ್ಟು 4 ಜಿಬಿಗಿಂತ ಹೆಚ್ಚನ್ನು ಬಳಸುವುದಿಲ್ಲ. ಅದರಲ್ಲೂ ಸ್ವಲ್ಪ ಭಾಗ ಗ್ರಾಫಿಕ್ಸ್ ಮತ್ತಿತರ ಸಾಧನಗಳಿಗೆ ಮೀಸಲಾಗಿರುತ್ತದೆ. ಮೈ ಕಂಪ್ಯೂಟರ್‌ನ ಪ್ರಾಪರ್ಟೀಸ್ ನೋಡಿದರೆ 4 ಜಿಬಿಯ ಪಕ್ಕದಲ್ಲಿ ಬಳಕೆಗೆ ಸಿಗುವುದು ಮೂರು ಚಿಲ್ಲರೆ ಎಂದು ಕಾಣುತ್ತದೆ. ಇನ್ನೊಂದು ಕಡ್ಡಿ ಸೇರಿಸಿದರೂ ಆ ಸಂಖ್ಯೆ ಬದಲಾಗದು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ತಂದು, ಹಳೆಯ ಡಿಸ್ಕ್ ತನ್ನ ಆರೋಗ್ಯವನ್ನು ದಾಖಲಿಸಿಕೊಳ್ಳುವ ಸ್ಮಾರ್ಟ್ ಪಟ್ಟಿಯಲ್ಲಿ 05 ಮತ್ತು ಸಿ5 ಎಂಬ ಎರಡು ಸಾಲುಗಳನ್ನು ಓದಿ ಇಲ್ಲಿ ಬರೆಯಿರಿ. ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳ (ಡಿಸ್ಕ್‌ನ ಸಣ್ಣ ತುಣುಕುಗಳ) ಎಣಿಕೆ, ಎರಡನೆಯದು ಓದಲು ತೊಂದರೆ ಕೊಡುತ್ತಿರುವ ಸೆಕ್ಟರುಗಳ ಎಣಿಕೆ. ಅವು ಸೊನ್ನೆಯಾಗಿದ್ದರೆ ಇದ್ದಂತೆಯೇ ಕ್ಲೋನ್, ಅಂದರೆ ಇಡೀ ಡಿಸ್ಕ್‌ನ ಪಡಿಯಚ್ಚು ನಕಲು, ಮಾಡಬಹುದು, ಇಲ್ಲದಿದ್ದರೆ ದಾರಿ ಬೇರೆ.

ಗಾಂಧಿಬಜಾರ್ ಓದುಗ

ತಿರುಪುಳಿಯವರ ಲೆಕ್ಕವನ್ನು ಒಪ್ಪುತ್ತೇನೆ, ಆದರೂ ನನ್ನ ಅಭಿಪ್ರಾಯ ಸ್ವಲ್ಪ ಭಿನ್ನವಾಗಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೆಲವೇ ಮಾದರಿಗಳನ್ನು ಬಿಟ್ಟರೆ ಎಂಟನೆಯ ಪೀಳಿಗೆಗಿಂತ ಹಳೆಯ ಇಂಟೆಲ್ ಕೋರ್ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ನಿಮ್ಮದು ಎರಡನೆಯದು. ಆದ್ದರಿಂದ ಈ ಯಂತ್ರ ಇಂಟರ್‌ನೆಟ್‌ನಿಂದ ದೂರವಿರುವವರೆಗೆ ಮಾತ್ರ ಎಸ್‌ಎಸ್‌ಡಿಗೆ ಹಾಕುವ ಹಣ ಸಾರ್ಥಕ. ಮುಂದೆಂದಾದರೂ ಗಿರಾಕಿಗಳ ಫೋಟೋ, ಬರಹಗಳನ್ನು ನೇರವಾಗಿ ಇದಕ್ಕೇ ಇಳಿಸಿಕೊಳ್ಳುವ ಯೋಚನೆ ಇದ್ದರೆ ಆ ದಿನ ಬೇರೆ ಯಂತ್ರ ಬೇಕಾಗುತ್ತದೆ ಎಂಬುದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಆಗಲೂ ಈಗ ಕೊಂಡ ಎಸ್‌ಎಸ್‌ಡಿಯನ್ನು ಹೊಸದಕ್ಕೆ ವರ್ಗಾಯಿಸಬಹುದು ಎಂಬುದು ಸಮಾಧಾನದ ಸಂಗತಿ.

ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ ಫಾಂಟುಗಳದು. ಕ್ಲೋನ್ ಮಾಡುವ ಮೊದಲು ಡೇಟಾ ಬ್ಯಾಕಪ್ ತೆಗೆಯುವಾಗ ಎಲ್ಲರೂ ಕಾರ್ಡುಗಳ ಕಡತಗಳನ್ನು ನಕಲು ಮಾಡಿಕೊಂಡು, ಫಾಂಟ್ಸ್ ಫೋಲ್ಡರನ್ನು ಮರೆಯುತ್ತಾರೆ. ನುಡಿಯ ಹಳೆಯ ಫಾಂಟುಗಳಲ್ಲಿ ಕೂಡಿಸಿದ ಬರಹ ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತದಲ್ಲಿಲ್ಲ. ಅದು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ವ್ಯವಸ್ಥೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಮದುಮಗಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ. ನಮ್ಮ ತಂದೆಯವರು ಸಂಘದ ಸ್ಮರಣ ಸಂಚಿಕೆಗಾಗಿ ಕೂಡಿಸಿಟ್ಟಿದ್ದ ನೂರಿಪ್ಪತ್ತು ಪುಟಗಳನ್ನು ಹಾಗೆ ಕಂಡು ಮನೆಯವರೆಲ್ಲ ಒಂದು ವಾರ ಪೇಚಾಡಿದ್ದೆವು. ಕೊನೆಗೆ ಪರಿಚಿತರ ಹಳೆಯ ಕಂಪ್ಯೂಟರಿನಲ್ಲಿ ಆ ಒಂದು ಫಾಂಟು ಸಿಕ್ಕಿದ ಮೇಲೆ ಅಕ್ಷರಗಳೆಲ್ಲ ಮರಳಿ ಬಂದವು. ಆದ್ದರಿಂದ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಿ, ಮತ್ತೆ ಮತ್ತೆ ಬೇಕಾಗುವ ಮಾದರಿ ಕಾರ್ಡುಗಳನ್ನು ಪಿಡಿಎಫ್ ರೂಪದಲ್ಲಿಯೂ ಉಳಿಸಿಡಿ.

ಸುಲ್ತಾನ್‌ಪೇಟೆ ಅಕ್ಷರ

ಇಬ್ಬರಿಗೂ ಧನ್ಯವಾದಗಳು. 05 ಮತ್ತು ಸಿ5 ಎರಡೂ ಸಾಲುಗಳ ಕೊನೆಯಲ್ಲಿ ಸೊನ್ನೆಗಳೇ ಇವೆ. ಸಿ, ಡಿ, ಇ ಎಂದು ಮೂರು ಭಾಗಗಳಿದ್ದು ಎಲ್ಲ ಸೇರಿ ಸುಮಾರು 210 ಜಿಬಿ ತುಂಬಿದೆ. ಫಾಂಟ್ಸ್ ಫೋಲ್ಡರ್ ತೆರೆದು ಎಣಿಸಿದಾಗ 1,140 ಫಾಂಟುಗಳು ಸಿಕ್ಕವು; ಇಷ್ಟಿವೆ ಎಂದು ನನಗೇ ತಿಳಿದಿರಲಿಲ್ಲ. ಅವನ್ನೂ ಕಾರ್ಡುಗಳ ಕಡತಗಳನ್ನೂ ಎರಡು ಪೆನ್‌ಡ್ರೈವ್‌ಗಳಿಗೆ ನಕಲಿಸಿದ್ದೇನೆ. 480 ಜಿಬಿಯ ಎಸ್‌ಎಸ್‌ಡಿ ಕಡಿಮೆ ದರದಲ್ಲಿ ಸಿಗುತ್ತಿದೆ, 210 ಜಿಬಿಗೆ ಅದು ಧಾರಾಳವಾಗಿ ಸಾಕಲ್ಲವೇ?

ತಿರುಪುಳಿ

ಜಾಗ ಸಾಕು, ಆದರೆ ನಿಮ್ಮ ಕೆಲಸಕ್ಕೆ 480 ಬೇಡ, 500 ಜಿಬಿಯದನ್ನೇ ತೆಗೆದುಕೊಳ್ಳಿ. ಕ್ಲೋನ್ ಮಾಡಲು ನಾನು ಹೇಳಲಿರುವ ಕ್ಲೋನ್‌ಜಿಲ್ಲಾ ತಂತ್ರಾಂಶವು, ತುಂಬಿರುವುದು ಎಷ್ಟೇ ಇರಲಿ, ಗುರಿ ಡಿಸ್ಕ್‌ನ ಒಟ್ಟು ಗಾತ್ರ ಮೂಲ ಡಿಸ್ಕ್‌ನಷ್ಟಾದರೂ ಇರಬೇಕೆಂದು ಕೇಳುತ್ತದೆ. 500 ಜಿಬಿಯ ಹಾರ್ಡ್ ಡಿಸ್ಕ್ ವಿಂಡೋಸ್‌ನಲ್ಲಿ 465 ಜಿಬಿ ಎಂದು ಕಂಡರೆ 480 ಜಿಬಿಯ ಎಸ್‌ಎಸ್‌ಡಿ 447 ಎಂದು ಕಾಣುತ್ತದೆ. ಆ ಹದಿನೆಂಟು ಜಿಬಿ ಕೊರತೆಗಾಗಿ ನೀವು ಕೊನೆಯ ಭಾಗವನ್ನು ಕುಗ್ಗಿಸಿ, ಬೇರೆ ಆಯ್ಕೆಗಳನ್ನು ಹುಡುಕಿ ತಲೆಕೆಡಿಸಿಕೊಳ್ಳಬೇಕಾಗುತ್ತದೆ.

ಎಂ.2 ಮಾದರಿಯದು ನಿಮ್ಮ ಬೋರ್ಡಿಗೆ ಹೊಂದುವುದಿಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಎಂದೇ ಕೇಳಿ. ಅದರ ಜೊತೆ ಮೂರೂವರೆ ಇಂಚಿನ ಜಾಗಕ್ಕೆ ಕೂರಿಸುವ ಬ್ರಾಕೆಟ್ ಮತ್ತು ಹೊಸ ಸಾಟಾ ಡೇಟಾ ಕೇಬಲ್ ಒಂದನ್ನು ತನ್ನಿ. ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೊಂಡರೂ ಸೀರಿಯಲ್ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಪಡೆಯಿರಿ. ಅಂಗಡಿಗೆ ಬಂದು ಜೋಡಿಸಿದ ಕೂಡಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದು ಎಷ್ಟು ಗಂಟೆ ಓಡಿದೆ ಎಂಬುದನ್ನು ನೋಡಿ. ಹೊಸದಾದರೆ ಸೊನ್ನೆ ಅಥವಾ ಒಂದೆರಡು ಗಂಟೆ ಇರಬೇಕು. ನನಗೊಮ್ಮೆ ಸೀಲ್ ಹಾಕಿದ ಪೆಟ್ಟಿಗೆಯಲ್ಲಿ 4,000 ಗಂಟೆ ಓಡಿದ ಡಿಸ್ಕ್ ಬಂದಿತ್ತು, ಬಿಲ್ ಇದ್ದುದರಿಂದ ಬದಲಾಯಿಸಿಕೊಟ್ಟರು. ಕರೆಂಟಿನ ಕೇಬಲ್ ಸಾಲದಿದ್ದರೆ ನಾಲ್ಕು ಪಿನ್ನಿನ ಹಳೆಯ ಮೊಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ಅಗ್ಗದ ಅಚ್ಚಿನ ಕನೆಕ್ಟರನ್ನು ಬಳಸಬೇಡಿ. ಅದರೊಳಗೆ ತಂತಿಗಳು ಒಂದಕ್ಕೊಂದು ತಗುಲಿ ಕರಗಿದ ಉದಾಹರಣೆಗಳಿವೆ. ಡಿವಿಡಿ ಡ್ರೈವ್‌ನ ಕೇಬಲ್ ಬಿಚ್ಚಿ ಬಳಸಿಕೊಳ್ಳುವುದು ವಾಸಿ.

ಈಗ ಕ್ಲೋನ್ ಮಾಡುವ ಬಗೆ. ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಇನ್ಫೋ32 ಎಂದು ಟೈಪ್ ಮಾಡಿ, ಡಿಸ್ಕುಗಳ ವಿಭಾಗದಲ್ಲಿ ಮೊದಲ ಭಾಗ ಆರಂಭವಾಗುವ ಸ್ಥಾನವನ್ನು ನೋಡಿ. 1,048,576 ಬೈಟ್ ಎಂದಿದ್ದರೆ ಸರಿಯಾಗಿದೆ. 32,256 ಎಂದಿದ್ದರೆ ಆ ಡಿಸ್ಕನ್ನು ಎಕ್ಸ್‌ಪಿ ಕಾಲದ ಕ್ರಮದಲ್ಲಿ ವಿಭಾಗಿಸಲಾಗಿದೆ ಎಂದರ್ಥ. ಎಸ್‌ಎಸ್‌ಡಿಯ ಪುಟಗಳ ಗಡಿಗೆ ಅದು ಹೊಂದದೆ ಪ್ರತಿಯೊಂದು ಬರಹವೂ ಎರಡು ಪುಟಗಳ ಮೇಲೆ ಬೀಳುತ್ತದೆ, ಆಗ ನನಗೆ ತಿಳಿಸಿ. ಸರಿಯಾಗಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ಕ್ಲೋನ್‌ಜಿಲ್ಲಾವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಎರಡೂ ಡಿಸ್ಕುಗಳನ್ನು ಜೋಡಿಸಿ ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅಂದರೆ ಯಂತ್ರವನ್ನು ಅದರಿಂದಲೇ ಆರಂಭಿಸಿ. ಸಾಧನದಿಂದ ಸಾಧನಕ್ಕೆ, ಆಮೇಲೆ ಇಡೀ ಡಿಸ್ಕ್‌ನಿಂದ ಡಿಸ್ಕ್‌ಗೆ ಎಂಬ ಆಯ್ಕೆಗಳನ್ನು ತೆಗೆದುಕೊಳ್ಳಿ.

ಇಲ್ಲಿ ಒಂದು ಕ್ಷಣ ನಿಲ್ಲಿ. ಮೂಲ ಯಾವುದು, ಗುರಿ ಯಾವುದು ಎಂದು ಅದು ಕೇಳುತ್ತದೆ. ನಿಮ್ಮ ಎರಡೂ ಡಿಸ್ಕುಗಳು 500 ಜಿಬಿಯವೇ ಆದ್ದರಿಂದ ಗಾತ್ರ ನೋಡಿ ಗುರುತು ಹಿಡಿಯಲು ಬರುವುದಿಲ್ಲ. ಎರಡರ ಲೇಬಲ್ ಮೇಲಿರುವ ಮಾದರಿಯ ಹೆಸರು ಮತ್ತು ಸೀರಿಯಲ್ ಸಂಖ್ಯೆಯನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು, ತೆರೆಯ ಮೇಲಿನದರೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿದ ಮೇಲೆಯೇ ಎಂಟರ್ ಒತ್ತಿ. ಇಲ್ಲಿ ತಿರುವುಮುರುವಾದರೆ ಖಾಲಿ ಡಿಸ್ಕ್ ನಿಮ್ಮ ಹದಿನಾಲ್ಕು ವರ್ಷಗಳ ಕೆಲಸದ ಮೇಲೆ ನಕಲಾಗುತ್ತದೆ.

ಕ್ಲೋನ್ ಮುಗಿಯಲು ಒಂದೆರಡು ಗಂಟೆ ಬೇಕಾಗಬಹುದು. ಮುಗಿದ ಮೇಲೆ ಯಂತ್ರ ಆರಿಸಿ, ಹಳೆಯ ಹಾರ್ಡ್ ಡಿಸ್ಕ್‌ನ ಕೇಬಲ್ ಬಿಚ್ಚಿ, ಎಸ್‌ಎಸ್‌ಡಿ ಒಂದರಿಂದಲೇ ಬೂಟ್ ಮಾಡಿ. ಎಲ್ಲವೂ ಸರಿ ಕಂಡರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡ್‌ನದೇ ತಂತ್ರಾಂಶದಲ್ಲಿ) ಸಾಟಾ ಮೋಡ್ ಏನಿದೆ ನೋಡಿ. ಆ ಕಾಲದಲ್ಲಿ ಅಸೆಂಬಲ್ ಮಾಡಿದ ಎಷ್ಟೋ ಯಂತ್ರಗಳಲ್ಲಿ ಐಡಿಇ ಎಂಬ ಹಳೆಯ ಕ್ರಮವನ್ನೇ ಬಿಟ್ಟಿರುತ್ತಾರೆ. ಅದನ್ನು ಎಎಚ್‌ಸಿಐ ಎಂಬ ಹೊಸ ಕ್ರಮಕ್ಕೆ ಬದಲಿಸಿದರೆ ಎಸ್‌ಎಸ್‌ಡಿ ಹಲವು ಕೋರಿಕೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬಲ್ಲದು. ಆದರೆ ಬಯಾಸ್‌ನಲ್ಲಿ ನೇರವಾಗಿ ಬದಲಿಸಿದರೆ ವಿಂಡೋಸ್ 7 ನೀಲಿ ಪರದೆ ತೋರಿಸುತ್ತದೆ. ಮೊದಲು ವಿಂಡೋಸ್ ತನ್ನ ಆಯ್ಕೆಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ಸರ್ವೀಸಸ್ ವಿಭಾಗದಲ್ಲಿ ಎಂಎಸ್‌ಎಎಚ್‌ಸಿಐ ಎಂಬುದನ್ನು ಹುಡುಕಿ, ಅದರ ಸ್ಟಾರ್ಟ್ ಎಂಬ ಮೌಲ್ಯ 3 ಎಂದಿರುವುದನ್ನು 0 ಮಾಡಿ, ಆಮೇಲೆ ಬಯಾಸ್‌ಗೆ ಹೋಗಿ ಬದಲಿಸಿ. ಕೊನೆಗೆ, ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಡೀಫ್ರಾಗ್ ತಂತ್ರಾಂಶವನ್ನು ತೆರೆದು, ಬುಧವಾರ ರಾತ್ರಿ ಒಂದು ಗಂಟೆಗೆ ಎಂದು ವಿಂಡೋಸ್ 7 ತಾನಾಗಿಯೇ ಇಟ್ಟುಕೊಂಡಿರುವ ವೇಳಾಪಟ್ಟಿಯನ್ನು ತೆಗೆದುಹಾಕಿ. ಎಸ್‌ಎಸ್‌ಡಿಗೆ ಅದರಿಂದ ಲಾಭವಿಲ್ಲ, ಸವೆತ ಮಾತ್ರ.

ಸುಲ್ತಾನ್‌ಪೇಟೆ ಅಕ್ಷರ

ಗುರುವಾರ ನೀವು ಹೇಳಿದಂತೆಯೇ ಎಲ್ಲ ಮಾಡಿದೆ. ಬಯಾಸ್‌ನಲ್ಲಿ ಐಡಿಇ ಎಂದೇ ಇತ್ತು, ಅದನ್ನೂ ಬದಲಿಸಿದೆ. ಆರು ನಿಮಿಷದ ಕಾಯುವಿಕೆ ನಲವತ್ತು ಸೆಕೆಂಡಿಗೆ ಇಳಿಯಿತು, ಪೇಜ್‌ಮೇಕರ್ ಹನ್ನೊಂದು ಸೆಕೆಂಡಿನಲ್ಲಿ ತೆರೆದುಕೊಂಡಿತು. ನನ್ನ ಸಂತೋಷವನ್ನು ಹೇಳಲು ಮಾತು ಸಾಲದು. ಹಳೆಯ ಡಿಸ್ಕ್ ಬ್ಯಾಕಪ್ ಆಗಿ ಡಬ್ಬದೊಳಗೇ ಇರಲಿ ಎಂದು ಶುಕ್ರವಾರ ಬೆಳಿಗ್ಗೆ ಅದನ್ನು ಮೊದಲಿದ್ದ ಪೋರ್ಟಿಗೇ ಮರಳಿ ಜೋಡಿಸಿ, ಬಯಾಸ್‌ನಲ್ಲಿ ಎಸ್‌ಎಸ್‌ಡಿಯನ್ನು ಮೊದಲ ಸ್ಥಾನದಲ್ಲಿಟ್ಟೆ. ಮೈ ಕಂಪ್ಯೂಟರ್‌ನಲ್ಲಿ ಹಳೆಯ ಡಿಸ್ಕ್ ಕಾಣಿಸಲಿಲ್ಲ. ಕಾಣದಿದ್ದರೆ ಇನ್ನೂ ಕ್ಷೇಮ ಎಂದುಕೊಂಡೆ. ಶುಕ್ರವಾರ, ಶನಿವಾರ ಶ್ರಾವಣದ ಮೊದಲ ಆರ್ಡರುಗಳು ಬಂದು ಒಟ್ಟು ಹನ್ನೊಂದು ಕಾರ್ಡುಗಳನ್ನು ಕೂಡಿಸಿದೆ.

ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಸ್ವಿಚ್ ಹಾಕಿದಾಗ ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಎಂದು ಬಂತು. ಕೆಲವು ತಿಂಗಳಿಂದ ಆಗಾಗ ಹಾಗೆ ಬರುತ್ತಿತ್ತಾದ್ದರಿಂದ ಎಂದಿನಂತೆ ಒತ್ತಿದೆ. ಯಂತ್ರ ಮತ್ತೆ ಮೊದಲಿನಷ್ಟೇ ನಿಧಾನವಾಗಿದೆ. ಹನ್ನೊಂದು ಕಾರ್ಡುಗಳಲ್ಲಿ ಒಂದೂ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಸ್‌ಎಸ್‌ಡಿ ಆಫ್‌ಲೈನ್ ಎಂದು ಕೆಂಪು ಗುರುತಿನೊಂದಿಗೆ ಕಾಣುತ್ತಿದೆ. ಬೀದಿಯ ರಿಪೇರಿಯವರು ಬಂದು ನೋಡಿ, ನಾನು ಹೇಳಿರಲಿಲ್ಲವೇ, ಎಸ್‌ಎಸ್‌ಡಿ ಹೋಯಿತು ಎಂದರು. ಇಬ್ಬರು ಗಿರಾಕಿಗಳು ಸಂಜೆ ಪ್ರೂಫ್ ನೋಡಲು ಬರುತ್ತಾರೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆನ್‌ಲೈನ್ ಎಂಬ ಆಯ್ಕೆ ಬರುತ್ತಿದೆ, ಒತ್ತಲೇ?

ರಾಜಾಜಿನಗರ ಹಾರ್ಡ್‌ವೇರ್

ಒತ್ತಬೇಡಿ. ಯಂತ್ರವನ್ನು ಈಗಲೇ ಆರಿಸಿ. ನಿಮ್ಮ ಎಸ್‌ಎಸ್‌ಡಿ ಕೆಟ್ಟಿಲ್ಲ, ಹನ್ನೊಂದು ಕಾರ್ಡುಗಳೂ ಅದರಲ್ಲಿ ಭದ್ರವಾಗಿವೆ ಎಂದು ನಾನು ಹೆಚ್ಚುಕಡಿಮೆ ಖಚಿತವಾಗಿ ಹೇಳಬಲ್ಲೆ.

ಆಗಿರುವುದು ಹೀಗೆ. ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದಂಥ ಸಿಆರ್2032 ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಬಯಾಸ್‌ನ ಆಯ್ಕೆಗಳನ್ನೂ ಉಳಿಸುವುದು ಅದೇ. 2012ರಿಂದ ಅದನ್ನು ಯಾರೂ ಬದಲಿಸಿಲ್ಲವೆಂದರೆ ಅದು ಮುಗಿಯುವ ಹಂತದಲ್ಲಿದೆ. ಆಗಾಗ ಬರುತ್ತಿದ್ದ ಎಫ್1 ಸಂದೇಶ ಅದರದೇ. ಅಂಗಡಿ ಮುಚ್ಚುವಾಗ ನೀವು ಮೇನ್ ಸ್ವಿಚ್ ಆರಿಸುತ್ತೀರಿ ಎಂದು ಊಹಿಸುತ್ತೇನೆ. ಒಂದು ರಾತ್ರಿಯನ್ನು ಹೇಗೋ ತಡೆದುಕೊಳ್ಳುತ್ತಿದ್ದ ಬ್ಯಾಟರಿ ಶನಿವಾರ ರಾತ್ರಿಯಿಂದ ಸೋಮವಾರದವರೆಗೆ ತಡೆದುಕೊಳ್ಳದೆ, ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳಿದೆ. ಆ ಸ್ಥಿತಿಯಲ್ಲಿ ಸಾಟಾ ಮೋಡ್ ಮತ್ತೆ ಐಡಿಇ, ಮೊದಲು ಬೂಟ್ ಆಗುವುದು ಮೊದಲ ಪೋರ್ಟಿನ ಹಳೆಯ ಹಾರ್ಡ್ ಡಿಸ್ಕ್. ಆದ್ದರಿಂದ ನೀವು ಈಗ ನೋಡುತ್ತಿರುವುದು ಕಳೆದ ಗುರುವಾರ ಕ್ಲೋನ್ ಮಾಡುವ ಮುಂಚಿನ ನಿಮ್ಮ ಹಳೆಯ ವಿಂಡೋಸನ್ನು. ಅದರಲ್ಲಿ ಶುಕ್ರವಾರದ ಕೆಲಸ ಇರಲು ಸಾಧ್ಯವೇ ಇಲ್ಲ. ಮತ್ತೆ ಸ್ವಿಚ್ ಹಾಕುವಾಗ ಬಯಾಸ್‌ನಲ್ಲಿ ದಿನಾಂಕ ನೋಡಿ, ಹಲವು ವರ್ಷ ಹಿಂದಿನದು ಕಾಣುತ್ತದೆ.

ಎಸ್‌ಎಸ್‌ಡಿ ಆಫ್‌ಲೈನ್ ಎಂದು ಕಾಣುವುದಕ್ಕೂ ಕಾರಣವಿದೆ. ಪ್ರತಿ ಡಿಸ್ಕ್‌ಗೂ ಸಿಗ್ನೇಚರ್ ಎಂಬ ಗುರುತಿನ ಸಂಖ್ಯೆಯೊಂದು ಇರುತ್ತದೆ, ಕ್ಲೋನ್ ಮಾಡಿದಾಗ ಅದೂ ಹಾಗೆಯೇ ನಕಲಾಗುತ್ತದೆ. ಒಂದೇ ಸಂಖ್ಯೆಯ ಎರಡು ಡಿಸ್ಕುಗಳು ಕಂಡಾಗ ವಿಂಡೋಸ್ 7 ತಾನು ಬೂಟ್ ಆದದ್ದನ್ನು ಉಳಿಸಿಕೊಂಡು ಇನ್ನೊಂದನ್ನು ಆಫ್‌ಲೈನ್ ಮಾಡುತ್ತದೆ. ಶುಕ್ರವಾರ ಹಳೆಯ ಡಿಸ್ಕ್ ಕಾಣದೆ ಹೋದದ್ದೂ ಇದೇ ಕಾರಣಕ್ಕೆ. ಈಗ ಆನ್‌ಲೈನ್ ಒತ್ತಿದರೆ ವಿಂಡೋಸ್ ಎಸ್‌ಎಸ್‌ಡಿಗೆ ಹೊಸ ಸಂಖ್ಯೆ ಬರೆಯುತ್ತದೆ. ಅದರೊಳಗಿನ ಬೂಟ್ ವಿವರಗಳು ಹಳೆಯ ಸಂಖ್ಯೆಯನ್ನೇ ಹುಡುಕುವುದರಿಂದ ನಾಳೆ ಅದು ಬೂಟ್ ಆಗದೆ ನಿಲ್ಲುತ್ತದೆ. ಕಡತಗಳು ಹೋಗುವುದಿಲ್ಲ, ಆದರೆ ಬೂಟ್ ರಿಪೇರಿಗೆ ಮತ್ತೊಂದು ದಿನ ಹಾಳಾಗುತ್ತದೆ.

ಯಂತ್ರ ಆರಿಸಿ, ಕರೆಂಟಿನ ವೈರ್ ಕಿತ್ತು, ಹಳೆಯ ಹಾರ್ಡ್ ಡಿಸ್ಕ್‌ನ ಎರಡೂ ಕೇಬಲ್ ಬಿಚ್ಚಿ ಅದನ್ನು ಹೊರಗೆ ತೆಗೆಯಿರಿ. ಹೊಸ ಸಿಆರ್2032 ಹಾಕಿ. ಕೈಗಡಿಯಾರದ ಅಂಗಡಿಯಲ್ಲಿಯೂ ಸಿಗುತ್ತದೆ, ಪ್ಲಸ್ ಗುರುತಿರುವ ಮುಖ ಮೇಲೆ ಬರಬೇಕು. ಬಯಾಸ್‌ನಲ್ಲಿ ದಿನಾಂಕ, ಎಎಚ್‌ಸಿಐ, ಎಸ್‌ಎಸ್‌ಡಿ ಮೊದಲು ಎಂಬ ಮೂರನ್ನೂ ಸರಿಪಡಿಸಿ ಉಳಿಸಿ. ಬೂಟ್ ಆದ ಮೇಲೆ ಇಲ್ಲಿ ತಿಳಿಸಿ.

ತಿರುಪುಳಿ

ರಾಜಾಜಿನಗರದವರು ಹೇಳಿದ್ದು ಪೂರ್ತಿ ಸರಿ. ಹಳೆಯ ಡಿಸ್ಕನ್ನು ಮತ್ತೆ ಜೋಡಿಸಬಾರದು ಎಂಬುದನ್ನು ನಾನು ಸ್ಪಷ್ಟವಾಗಿ ಬರೆಯಬೇಕಿತ್ತು, ಬರೆಯಲಿಲ್ಲ; ಅದಕ್ಕಾಗಿ ಕ್ಷಮೆ ಇರಲಿ. ಜೊತೆಗೆ, ಒಂದೇ ಡಬ್ಬದೊಳಗೆ, ಕರೆಂಟ್ ಪೂರೈಸುವ ಒಂದೇ ಎಸ್‌ಎಂಪಿಎಸ್‌ಗೆ ಕಟ್ಟಿದ ಎರಡು ಡಿಸ್ಕುಗಳಲ್ಲಿ ಒಂದು ಇನ್ನೊಂದರ ಬ್ಯಾಕಪ್ ಆಗಲಾರದು. ಕರೆಂಟ್ ಏರುಪೇರಾಗಿ ಎಸ್‌ಎಂಪಿಎಸ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ.

ಸುಲ್ತಾನ್‌ಪೇಟೆ ಅಕ್ಷರ

ಬಯಾಸ್‌ನಲ್ಲಿ ದಿನಾಂಕ 2012ರ ಜನವರಿ 1 ಎಂದಿತ್ತು. ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯವರ ಮಲ್ಟಿಮೀಟರ್‌ನಲ್ಲಿ ಹಿಡಿದು ನೋಡಿದಾಗ 3 ವೋಲ್ಟ್ ಇರಬೇಕಾದ ಬ್ಯಾಟರಿ 2.1 ತೋರಿಸಿತು. ಹೊಸದನ್ನು ಹಾಕಿ ಮೂರನ್ನೂ ಸರಿಪಡಿಸಿದ ಮೇಲೆ ಯಂತ್ರ ನಲವತ್ತು ಸೆಕೆಂಡಿನಲ್ಲಿ ಎದ್ದಿತು, ಹನ್ನೊಂದು ಕಾರ್ಡುಗಳೂ ಡಿ ಡ್ರೈವ್‌ನಲ್ಲಿ ಇಟ್ಟ ಜಾಗದಲ್ಲೇ ಇದ್ದವು. ರಿಪೇರಿಯವರನ್ನೂ ಕರೆದು ತೋರಿಸಿದೆ. ಅವರು ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಸಿಗ್ನೇಚರ್ ವಿಷಯ ಇನ್ನೊಮ್ಮೆ ಹೇಳಿ ಎಂದು ಕೇಳಿ ಬರೆದುಕೊಂಡರು.

ಸಂಜೆ ಬಂದ ಗಿರಾಕಿ ಕುರ್ಚಿಯ ಹಿಂದೆ ನಿಂತು ಮುಹೂರ್ತದ ಸಮಯದಲ್ಲಿ ಒಂದು ತಿದ್ದುಪಡಿ ಹೇಳಿದರು, ಅವರು ಕನ್ನಡಕ ಸರಿಪಡಿಸಿಕೊಳ್ಳುವುದರೊಳಗೆ ತಿದ್ದಿ ಪ್ರಿಂಟ್ ಕೊಟ್ಟೆ. ಹಳೆಯ ಹಾರ್ಡ್ ಡಿಸ್ಕ್ ಮೇಲೆ ಕ್ಲೋನ್ ಮಾಡಿದ ದಿನಾಂಕ ಬರೆದು ಮನೆಯ ಬೀರುವಿನಲ್ಲಿಟ್ಟಿದ್ದೇನೆ, ಹೊರಗಿನಿಂದ ಯುಎಸ್‌ಬಿಗೆ ಜೋಡಿಸುವ ಡಿಸ್ಕ್ ಒಂದನ್ನು ಪ್ರತಿ ಶನಿವಾರದ ಬ್ಯಾಕಪ್‌ಗಾಗಿ ತಂದಿದ್ದೇನೆ. ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು.